ಗೂಳಿಬೆನ್ನು (ಏಳನೆಯ ಕಂತು): ಭಾವಮೈದನ ಕೈಯ ಹಗ್ಗ

ಅಥವಾ ತಾನೇ ತಪ್ಪು ತಿಳಿದಿರಬಹುದೆ?

ಹಗ್ಗಕ್ಕೆ ಹಿಕ್ಕೆ ಅಂಟಲು ಎಷ್ಟೋ ದಾರಿಗಳಿವೆ. ಪಾರಿವಾಳದ್ದಿರಬಹುದು, ಸೂರಿನ ಮೇಲೆ ಕೂತ ಕಾಗೆಯದ್ದಿರಬಹುದು. ನಾಲ್ಕು ಬಿಳಿ ಗೀರುಗಳನ್ನು ನಂಬಿ ಒಬ್ಬ ಮನುಷ್ಯನನ್ನು ಬೆಟ್ಟ ಹತ್ತಿಸಿ, ಅವನ ಮುಖದಲ್ಲಿ ಅಪರಾಧ ಹುಡುಕುವುದು ಎಂಥ ಕೆಲಸ? ಸಬ್ ಇನ್‌ಸ್ಪೆಕ್ಟರ್ ಭೀಮರಾಜ್ ಬೆಳಗಿನಿಂದ ಇದನ್ನೇ ಕೇಳಿಕೊಳ್ಳುತ್ತಿದ್ದ. ಕಾಲುಗಳು ಮಾತ್ರ ನಿಂತಿರಲಿಲ್ಲ.

ಅವನ ಮುಂದೆ ಸೊಣ್ಣಪ್ಪ ಬರಿಗಾಲಲ್ಲಿ ಹತ್ತುತ್ತಿದ್ದ. ಹೆಗಲ ಮೇಲೆ ಸುತ್ತಿದ ಹಗ್ಗ. ಹಿಂದೆ ಕಾನ್‌ಸ್ಟೇಬಲ್ ಮೋನಿಷಾ, ಅವಳ ಬೆನ್ನಿಗೂ ಒಂದು ಹಗ್ಗದ ಚೀಲ. ಚಿಕ್ಕಜಾಲದ ಕಡೆಯಿಂದ ಮೇಲೆದ್ದ ವಿಮಾನವೊಂದು ತಲೆಯ ಮೇಲೆ ಹಾದುಹೋದಾಗ ಮೂವರೂ ಮಾತಿಲ್ಲದೆ ಕಾದರು. ಇಲ್ಲಿ ಐದು ನಿಮಿಷಕ್ಕೊಮ್ಮೆ ಯಾರಿಗೂ ಏನೂ ಕೇಳಿಸುವುದಿಲ್ಲ.

ಆರು ದಿನಗಳ ಹಿಂದೆ, ಭಾನುವಾರ, ಸೊಣ್ಣಪ್ಪನ ಭಾವ ನರಸಯ್ಯ ಈ ಗೂಳಿಬೆನ್ನಿನ ಬುಡದಲ್ಲಿ ಹೆಣವಾಗಿ ಸಿಕ್ಕಿದ್ದ. ಒಬ್ಬನೇ ಬಂದ, ಹಗ್ಗವಿಲ್ಲದೆ ಇಳಿದ, ಜಾರಿ ಬಿದ್ದ ಎಂದು ಕಡತ ಹೇಳುತ್ತಿತ್ತು. ಇವತ್ತು ಸಂಜೆ ಐದಕ್ಕೆ ಅದನ್ನು ಮುಚ್ಚಬೇಕೆಂದು ಇನ್‌ಸ್ಪೆಕ್ಟರ್ ಹೇಳಿಯಾಗಿತ್ತು.

ಭೀಮರಾಜ್‌ಗೆ ಕಡತಕ್ಕಿಂತ ಭಾರವಾಗಿ ಕೂತಿದ್ದು ನರಸಯ್ಯನ ಹೆಂಡತಿ ಮಾರಮ್ಮನ ಮಾತು. ನಿನ್ನೆ ಕೋಗಿಲಿನ ಮನೆಯಲ್ಲಿ, ಗಂಡನ ಫೋಟೋ ಕಡೆಗೂ ನೋಡದೆ, ಅವಳು ನೆಟ್ಟಗೆ ಕೇಳಿದ್ದಳು.

"ನನ್ ಗಂಡ ಅಗ್ಗ ಇಲ್ದೆ ಇಳಿಯೋನಲ್ಲ ಸಾರ್. ಅಗ್ಗ ಇಡ್ಕೊಳ್ಳೋನು ನನ್ ತಮ್ಮ ಒಬ್ನೆ. ಅವತ್ತು ಅದು ಅವನ್ ಕೈಲಿತ್ತಾ, ಇಲ್ವಾ? ಅಷ್ಟು ತಿಳ್ಕೊಂಡು ಏಳಿ. ಇದ್ದು ಬಿಟ್ಟಿದ್ರೆ ಈ ಜನ್ಮದಲ್ಲಿ ಅವನ್ ಮನೆ ನೀರು ಮುಟ್ಟಲ್ಲ. ಇರ್ಲೇ ಇಲ್ಲ ಅಂದ್ರೆ ನಾನೇ ಓಗಿ ಕೈ ಇಡ್ದು ಕರ್ಕೊಂಡ್ ಬತ್ತೀನಿ."

ಆರು ದಿನದಿಂದ ತಮ್ಮನನ್ನು ಅವಳು ಹೊಸ್ತಿಲು ದಾಟಿಸಿರಲಿಲ್ಲ.

ಅವರದು ಜೇನು ಇಳಿಸುವ ಮನೆತನ. ಈ ಬೆಟ್ಟದ ಕಡಿದಾದ ಮೈಗಳಲ್ಲಿ ಹೆಜ್ಜೇನು ಕಟ್ಟಿದರೆ ಹಗ್ಗದಲ್ಲಿ ಇಳಿದು ಜೇನುತಟ್ಟಿ ಕೊಯ್ಯುವುದು ಅಪ್ಪ ಅಜ್ಜಂದಿರ ಕಸುಬು. ಜೇನು ಕಡಿಮೆಯಾದ ಮೇಲೆ ಅದೇ ಕೈಗಳು ಹೆಬ್ಬಾಳದ ಗಾಜಿನ ಕಟ್ಟಡಗಳಿಗೆ ಹೋದವು. ನರಸಯ್ಯ ವಾರಕ್ಕೆ ಆರು ದಿನ ಹತ್ತೊಂಬತ್ತನೆಯ ಮಹಡಿಯಿಂದ ಇಳಿದು ಗಾಜು ಒರೆಸುತ್ತಿದ್ದ. ಭಾನುವಾರ ಗೂಳಿಬೆನ್ನಿಗೆ ಬಂದು ಅರಣ್ಯ ಇಲಾಖೆಯವರ ಪರವಾಗಿ ಗಿಡುಗದ ಗೂಡು ನೋಡಿಕೊಳ್ಳುತ್ತಿದ್ದ. ಕಟ್ಟಡವಾಗಲಿ, ಬೆಟ್ಟವಾಗಲಿ, ನಿಯಮ ಒಂದೇ. ಇಳಿಯುವವನ ಹಗ್ಗ ಅವನ ಹೆಂಡತಿಯ ಒಡಹುಟ್ಟಿದವನ ಕೈಯಲ್ಲಿರಬೇಕು. ಯಾವ ತಮ್ಮನೂ ಅಕ್ಕನನ್ನು ವಿಧವೆ ಮಾಡಲಾರ ಎಂಬ ನಂಬಿಕೆ.

ಸೊಣ್ಣಪ್ಪನ ಹೇಳಿಕೆ ಎರಡೇ ಸಾಲು. ಆ ಭಾನುವಾರ ಜ್ವರ ಇತ್ತು. ಬೆಟ್ಟಕ್ಕೆ ಹೋಗಲಿಲ್ಲ.

ಆದರೆ ನರಸಯ್ಯನ ಹಗ್ಗ ನರಸಯ್ಯನದೇ ಮನೆಯ ಮೊಳೆಯಲ್ಲಿ ತೂಗುತ್ತಿತ್ತು. ಸಾಯುವ ಹಿಂದಿನ ದಿನವಷ್ಟೇ ತಂದ ಹೊಸ ಹಗ್ಗ. ತುದಿಯಿಂದ ನಲವತ್ತು ಅಡಿಯವರೆಗೆ ಅಲ್ಲಲ್ಲಿ ಒಣಗಿದ ಬಿಳಿ ಹಿಕ್ಕೆ.

"ಕರಡಿ," ಸೊಣ್ಣಪ್ಪ ತಟ್ಟನೆ ನಿಂತ.

ಭೀಮರಾಜ್‌ನ ಕೈ ಸೊಂಟಕ್ಕೆ ಹೋಯಿತು.

"ಇಲ್ಲ ಸಾರ್, ಓಗ್ಬುಟ್ಟದೆ." ಅವನು ದಾರಿಯ ನಡುವಿನ ಲದ್ದಿಯನ್ನು ಕಡ್ಡಿಯಿಂದ ಕೆದಕಿದ. "ಕಾರೆ ಅಣ್ಣು ತಿಂದದೆ. ಬೆಳಿಗ್ಗೆದು. ಈಗ ಗವೀಲಿ ಮಲ್ಗಿರ್ತದೆ."

"ಮೊದ್ಲೇ ಪೂರ್ತಿ ಹೇಳ್ಬಾರ್ದಾ ಅಣ್ಣಾ?" ಮೋನಿಷಾ ಉಸಿರು ಬಿಟ್ಟಳು. "ನಾನು ಅಬ್ಬಿಗೆರೆಯೋಳು. ನಮ್ ಕಡೆ ನಾಯಿಗಳೇ ಜಾಸ್ತಿ."

ಸೊಣ್ಣಪ್ಪ ನಗಲಿಲ್ಲ. ಹತ್ತುವುದನ್ನು ಮುಂದುವರಿಸಿದ.

ಗೂಳಿಬೆನ್ನು ಹೆಸರಿಗೆ ತಕ್ಕ ಹಾಗೆಯೇ ಇತ್ತು. ದಕ್ಷಿಣಕ್ಕೆ ಗೂಳಿಯ ಡುಬ್ಬದಂತೆ ಉಬ್ಬಿದ ಇಣಿ, ಅಲ್ಲಿಂದ ಉತ್ತರಕ್ಕೆ ಎರಡು ಮೈಲಿ ಚಾಚಿದ ಬರಿಯ ಬಂಡೆಯ ಬೆನ್ನು. ಬಿರುಕುಗಳಲ್ಲಿ ಕಳ್ಳಿ, ಒಣಗಿದ ಬಾದೆ ಹುಲ್ಲು. ಪಶ್ಚಿಮದ ಮಗ್ಗುಲು ಗೋಡೆಯಂತೆ ಇನ್ನೂರು ಅಡಿ ಕೆಳಗಿಳಿಯುತ್ತದೆ. ಗೂಡು ಇರುವುದು ಆ ಮಗ್ಗುಲಲ್ಲೇ. ಡಿಸೆಂಬರಿನಿಂದ ಮರಿ ಹಾರುವವರೆಗೆ ಅಲ್ಲಿ ಯಾರೂ ಹತ್ತುವಂತಿಲ್ಲ. ಆ ಕಟ್ಟಳೆ ಮಾಡಿಸಿದವನೇ ನರಸಯ್ಯ.

ಅದನ್ನು ಮುರಿಯಲು ನೋಡಿದವನು ಒಬ್ಬನೇ. ಯಲಹಂಕದಲ್ಲಿ ಕ್ಲೈಂಬಿಂಗ್ ಜಿಮ್ ನಡೆಸುವ ಆಕರ್ಷ್. ಆ ಗೋಡೆಯನ್ನು ಮೊದಲು ಹತ್ತಿದವನು ತಾನಾಗಬೇಕು, ವಿಡಿಯೋ ಹಾಕಬೇಕು ಎಂದು ಅವನು ಜನವರಿಯಿಡೀ ನರಸಯ್ಯನ ಜತೆ ಜಗಳವಾಡಿದ್ದ. ಭಾನುವಾರ ಬೆಳಿಗ್ಗೆ ಜಿಮ್ ಬಿಟ್ಟು ಕದಲಿಲ್ಲ ಎಂದು ಅವನ ಹೇಳಿಕೆ. ಹೌದು, ಇಬ್ಬರೂ ಅಲ್ಲೇ ಇದ್ದೆವು ಎಂದು ಸಾಕ್ಷಿ ಹೇಳಿದವಳು ಅಲ್ಲಿ ಮಕ್ಕಳಿಗೆ ಹತ್ತುವುದನ್ನು ಕಲಿಸುವ ಚಿತ್ರಾ. ಸತ್ತ ನರಸಯ್ಯನ ಮಗಳೇ ಹೇಳಿದ ಮೇಲೆ ಅನುಮಾನಿಸುವವರು ಯಾರು?

ಅಂಚು ತಲುಪಿದಾಗ ಹನ್ನೊಂದೂವರೆ. ಬಂಡೆಯ ಕೊಂಬೊಂದು ಆಳೆತ್ತರ ಎದ್ದುನಿಂತಿತ್ತು. ಅದರ ಬುಡ ಹಗ್ಗ ಉಜ್ಜಿ ಉಜ್ಜಿ ನುಣುಪಾಗಿತ್ತು.

"ನಾನು ಇಳೀತೀನಿ," ಎಂದ ಭೀಮರಾಜ್. "ಗೂಡಿನ ಪಕ್ಕದ ಬಂಡೆ ಚಾಚಿನವರೆಗೆ. ಅರಣ್ಯದವರು ಹತ್ತು ನಿಮಿಷ ಕೊಟ್ಟಿದ್ದಾರೆ."

"ಸರ್, ನಾನ್ ಇಳೀತೀನಿ. ನಾನು ಕ್ಲೈಂಬಿಂಗ್ ಜಿಮ್‌ಗೆ ಹೋಗೋಳು," ಎಂದಳು ಮೋನಿಷಾ.

"ನೋಡ್ಬೇಕಾಗಿರೋದು ನಾನು."

"ನಿಮ್ ತೂಕ ಎಷ್ಟು ಸರ್?"

"ಯಾಕಮ್ಮ?"

"ಬಂಡೆ ಕೇಳ್ತಾ ಇದೆ."

ಭೀಮರಾಜ್ ಸೊಣ್ಣಪ್ಪನ ಕಡೆ ತಿರುಗಿದ. "ಹಗ್ಗ ನೀನು ಹಿಡೀತೀಯ."

"ನಾನಾ?" ಸೊಣ್ಣಪ್ಪ ಒಂದು ಹೆಜ್ಜೆ ಹಿಂದೆ ಸರಿದ. "ನಾನು ಇಡ್ಯಲ್ಲ ಸಾರ್. ನೀವು ನನ್ ಭಾವ ಅಲ್ಲ."

"ಇವತ್ತೊಂದಿನ ಆಗ್ತೀನಿ."

ಮಾತು ತಮಾಷೆಯಾಗಿ ಹೊರಟಿತ್ತು. ಆದರೆ ಸೊಣ್ಣಪ್ಪನ ಕಣ್ಣು ತುಂಬಿತು. ಅವನು ಮುಖ ತಿರುಗಿಸಿ ಹೆಗಲಿನ ಹಗ್ಗ ಇಳಿಸಿದ. ಭೀಮರಾಜ್‌ನ ಸೊಂಟಕ್ಕೂ ತೊಡೆಗಳಿಗೂ ಸುತ್ತಿ, ಎದೆಯ ಕೆಳಗೆ ಚಪ್ಪಟೆಯಾದ ಗಂಟು ಹಾಕಿದ. ಇನ್ನೊಂದು ತುದಿಯನ್ನು ಕೊಂಬಿಗೆ ಒಂದೂವರೆ ಸುತ್ತು ಸುತ್ತಿ ಕೈಗೆ ತೆಗೆದುಕೊಂಡ.

"ಕೂಗ್ಬ್ಯಾಡಿ. ಕೆಳಗೆ ಎಜ್ಜೇನದೆ, ಎದ್ದಾತು. ಅಗ್ಗದಲ್ಲೇ ಮಾತಾಡಿ. ಒಂದ್ಸಲ ಜಗ್ಗುದ್ರೆ ಬಿಡು. ಎರಡ್ಸಲ ನಿಲ್ಸು. ಮೂರ್ಸಲ ಮೇಲಕ್ಕೆಳಿ."

"ಇದು ಎಲ್ಲರಿಗೂ ಗೊತ್ತಾ?"

"ಮನೆಯೋರ್ಗೆ ಬಿಟ್ರೆ ಯಾರ್ಗೂ ಕಲ್ಸಲ್ಲ. ಈಗ ನಿಮ್ಗೆ."

ಮೋನಿಷಾ ತನ್ನ ಹಗ್ಗವನ್ನು ಬೇರೆ ಬಂಡೆಗೆ ಕಟ್ಟಿ, ತುದಿಯನ್ನು ಭೀಮರಾಜ್‌ನ ಸೊಂಟಕ್ಕೆ ತಂದಳು. ಅವಳ ಬೆರಳುಗಳು ಚುರುಕಾಗಿ ಒಂದು ಗಂಟು ಹೆಣೆದವು. ಎಂಟರ ಅಂಕಿಯಂಥ, ಜೋಡಿ ಎಳೆಯ ಗಂಟು. ಕ್ಲೈಂಬಿಂಗ್ ಜಿಮ್‌ನಲ್ಲಿ ಮೊದಲ ದಿನ ಕಲಿಸುವುದು ಅದನ್ನೇ.

ಸೊಣ್ಣಪ್ಪ ಆ ಗಂಟನ್ನು ನೋಡಿದ. ನೋಡುತ್ತಲೇ ನಿಂತ. ಅವನ ಕೈಯ ಹಗ್ಗ ಸ್ವಲ್ಪ ಸಡಿಲಾಯಿತು, ಮತ್ತೆ ಬಿಗಿಯಾಯಿತು.

ಭೀಮರಾಜ್ ಅದನ್ನು ಗಮನಿಸಿದ. ಅಂಚಿಗೆ ಬೆನ್ನು ಮಾಡಿ ಕಾಲು ಕೆಳಗಿಟ್ಟ.

ಮೊದಲ ಹತ್ತು ಅಡಿಯಲ್ಲಿ ಅವನಿಗೆ ತಿಳಿದದ್ದು ತನ್ನ ಹೊಟ್ಟೆಯ ಭಾರ ಮಾತ್ರ. ನಲವತ್ತೇಳನೆಯ ವಯಸ್ಸಿನಲ್ಲಿ ಏಣಿ ಹತ್ತಿ ಬಲ್ಬು ಹಾಕಲೂ ಅವನು ಪಕ್ಕದ ಮನೆಯವರನ್ನು ಕರೆಯುತ್ತಿದ್ದ. ಕೆಳಗೆ ನೋಡಬಾರದು ಎಂದುಕೊಂಡ, ನೋಡಿದ. ಬುಡದಲ್ಲಿ, ನರಸಯ್ಯ ಬಿದ್ದಿದ್ದ ಜಾಗದಲ್ಲಿ ಪೊಲೀಸರು ಸುರಿದ ಸುಣ್ಣದ ಗೆರೆ ಇನ್ನೂ ಕಾಣುತ್ತಿತ್ತು.

ಹಗ್ಗ ಮಾತ್ರ ಒಂದೇ ಹದದಲ್ಲಿ ಇಳಿಯುತ್ತಿತ್ತು. ಜರ್ಕಿಲ್ಲ, ಆತುರವಿಲ್ಲ. ಮೇಲಿರುವ ಕೈ ತನ್ನ ಪ್ರತಿ ಹೆಜ್ಜೆಯನ್ನು ಕಾದು ಬಿಡುತ್ತಿದೆ ಎಂಬುದು ಅವನಿಗೆ ಬೆನ್ನಿನಲ್ಲೇ ಗೊತ್ತಾಯಿತು. ಈ ಕೈ ಮನುಷ್ಯನನ್ನು ಬಿಡುವ ಕೈಯಲ್ಲ. ಹಾಗಿದ್ದರೆ ನರಸಯ್ಯ ಬಿದ್ದದ್ದು ಹೇಗೆ?

ಕಾಲಿಗೆ ಚಾಚು ಸಿಕ್ಕಿತು. ಎರಡು ಸಲ ಜಗ್ಗಿದ. ಹಗ್ಗ ನಿಂತಿತು.

ಮಂಚದಷ್ಟು ಅಗಲದ ಜಾಗ. ಎಡಕ್ಕೆ ಹದಿನೈದು ಅಡಿ ದೂರದ ಸಂದಿನಲ್ಲಿ ಕಡ್ಡಿಗಳ ದೊಡ್ಡ ಗೂಡು. ಒಳಗಿನಿಂದ ಮರಿಯೊಂದು ತಲೆಯೆತ್ತಿ ಅವನನ್ನು ದಿಟ್ಟಿಸಿತು. ಇನ್ನೂ ನೂಲಿನಂಥ ಬಿಳಿ ಪುಕ್ಕ, ಆದರೆ ಕಣ್ಣು ಆಗಲೇ ಬೇಟೆಗಾರನದು. ತಾಯಿ ಗಿಡುಗ ದೂರದಲ್ಲಿ ವೃತ್ತ ಹಾಕುತ್ತಿತ್ತು. ಗೂಡಿನ ಮೇಲಿಂದ ಕೆಳಕ್ಕೂ, ಚಾಚಿನ ಹಿಂದಿನ ಗೋಡೆಗೂ ಬಿಳಿ ಹಿಕ್ಕೆಯ ಪಟ್ಟೆಗಳು. ಇಡೀ ಮಗ್ಗುಲಲ್ಲಿ ಬೇರೆಲ್ಲೂ ಇಲ್ಲ.

ಹಗ್ಗ ಇಲ್ಲಿಗೆ ಬಂದಿತ್ತು. ಅನುಮಾನ ಅಲ್ಲಿಗೆ ಮುಗಿಯಿತು.

ಮೂಲೆಯಲ್ಲಿ ಮಡಿಸಿಟ್ಟ ಟವೆಲ್ಲು. ಅದರ ಪಕ್ಕದಲ್ಲಿ ಸ್ಟೀಲಿನ ಫ್ಲಾಸ್ಕು. ಫ್ಲಾಸ್ಕಿನ ಮುಚ್ಚಳ ಮಗುಚದೆ ನೆಟ್ಟಗೆ ನಿಂತಿತ್ತು, ತಳದಲ್ಲಿ ಒಣಗಿದ ಚಹಾ. ಅದರ ಎದುರಿಗೆ ಒಂದು ಪುಟ್ಟ ಲೋಟ. ಅದರ ತಳದಲ್ಲೂ ಚಹಾ.

ಇಬ್ಬರು ಕುಡಿದಿದ್ದಾರೆ. ಎದುರು ಬದುರು ಕೂತು.

ಭೀಮರಾಜ್ ಮೊಣಕಾಲೂರಿ ಅಂಚಿನಿಂದ ಕೆಳಗೆ ನೋಡಿದ. ಮೂರು ಅಡಿ ಕೆಳಗೆ ಬಂಡೆಗೆ ಹೊಸದಾಗಿ ಕೊರೆದು ಕೂರಿಸಿದ ಉಕ್ಕಿನ ಬೋಲ್ಟು ಬಿಸಿಲಿಗೆ ಮಿನುಗಿತು. ಅದರ ಕೆಳಗೆ ಇನ್ನೊಂದು. ಅದರ ಕೆಳಗೆ ಮತ್ತೊಂದು. ಯಾರೋ ಬುಡದಿಂದ, ಹತ್ತಬಾರದೆಂದು ಮುಚ್ಚಿಸಿದ್ದ ಗೋಡೆಯನ್ನೇ ಹತ್ತಿ, ಇಲ್ಲಿಯವರೆಗೆ ಬಂದಿದ್ದರು.

ಫೋಟೋ ತೆಗೆದ. ಲೋಟ, ಮುಚ್ಚಳ, ಫ್ಲಾಸ್ಕುಗಳನ್ನು ಕವರಿನಲ್ಲಿ ಹಾಕಿಕೊಂಡ. ಮೂರು ಸಲ ಜಗ್ಗಿದ.

ಮೇಲೆ ಬಂದು ಬಂಡೆಯ ಮೇಲೆ ಬಿದ್ದುಕೊಂಡಾಗ ಮೋನಿಷಾ ನೀರು ಕೊಟ್ಟಳು. ಸೊಣ್ಣಪ್ಪ ಆಗಲೇ ಹಗ್ಗ ಸುತ್ತತೊಡಗಿದ್ದ. ಮೊಣಕೈಗೂ ಹೆಬ್ಬೆರಳಿಗೂ ನಡುವೆ, ಒಂದರ ಮೇಲೊಂದು, ಒಂದೇ ಅಳತೆಯ ಸುತ್ತು. ಮೊಳೆಯ ಮೇಲಿದ್ದ ಹಗ್ಗವೂ ಹೀಗೆಯೇ ಸುತ್ತಿಕೊಂಡಿತ್ತು.

ಭೀಮರಾಜ್ ಎದ್ದು ಕೂತ. ಕವರನ್ನು ಅವನ ಮುಂದಿಟ್ಟ.

"ನಿಮ್ಮ ಭಾವ ಚಾಚಿನ ಮೇಲೆ ಕೂತು ಚಹಾ ಕುಡಿದಿದ್ದಾನೆ. ಎದುರಿಗೆ ಇನ್ನೊಬ್ಬರು. ಅವರು ಕೆಳಗಿಂದ ಬಂದರು."

ಸೊಣ್ಣಪ್ಪನ ಕೈ ಸುತ್ತುತ್ತಲೇ ಇತ್ತು.

"ನಿನಗೆ ಜ್ವರ. ನೀನು ಬರಲಿಲ್ಲ. ಅಲ್ವಾ?"

"ಊಂ."

"ಸರಿ, ನಂಬ್ತೀನಿ. ಹಗ್ಗ ಹಿಡಿದೋರು ಬೇರೆ ಯಾರೋ. ಆದರೆ ಒಂದು ಅರ್ಥ ಆಗ್ತಿಲ್ಲ ಸೊಣ್ಣಪ್ಪ. ಮನುಷ್ಯ ಬಿದ್ದಾಯ್ತು. ಓಡಿಹೋಗ್ಬೇಕು. ಇನ್ನೂರು ಅಡಿ ಹಗ್ಗ ಹೊತ್ಕೊಂಡು ಯಾರು ಓಡ್ತಾರೆ? ಆ ಪೊದೆಗೆ ಎಸೆದಿದ್ರೂ ನಾನು ಇವತ್ತು ಇಲ್ಲಿಗೆ ಬರ್ತಾನೇ ಇರ್ಲಿಲ್ಲ. ಅದನ್ನ ಅಚ್ಚುಕಟ್ಟಾಗಿ ಸುತ್ತಿ, ಸತ್ತೋನ ಮನೆಗೆ ಹೋಗಿ, ಅವನ ಮೊಳೆಗೇ ನೇತು ಹಾಕಿ ಬಂದಿದ್ದಾರಲ್ಲ. ಅಂಥ ಪೆದ್ದ ಯಾರು?"

"ಅಗ್ಗ ಬಿಟ್ ಬರಕಾಯ್ತದಾ ಸಾರ್?"

ಮಾತು ಬಾಯಿಂದ ತಾನಾಗಿ ಬಂದಿತ್ತು. ಬಂದ ಮೇಲೆ ಸೊಣ್ಣಪ್ಪನ ಕೈ ನಿಂತಿತು.

ಮೋನಿಷಾ ನಿಧಾನವಾಗಿ ಅವನ ಬೆನ್ನ ಹಿಂದೆ ಬಂದು ನಿಂತಳು. ಭೀಮರಾಜ್ ಬೇಡ ಎಂಬಂತೆ ಕಣ್ಣು ಮಾಡಿದ.

ಗಿಡುಗ ಗೂಡಿಗೆ ಹಿಂತಿರುಗಿತು. ಭೀಮರಾಜ್ ಕಾದ. ಠಾಣೆಯಲ್ಲಿ ಅವನ ಜತೆಯವರು ಮೌನವನ್ನು ಕಂಡರೆ ಕೂಡಲೇ ಗದರಿಸಿ ಒಡೆಯುತ್ತಿದ್ದರು. ಅವನಿಗೆ ಮೌನದೊಳಗೆ ಕೂರುವುದು ಗೊತ್ತಿತ್ತು.

"ಇಡ್ದಿದ್ದೆ," ಎಂದ ಸೊಣ್ಣಪ್ಪ. "ಜ್ವರ ಇರ್ಲಿಲ್ಲ. ನಾನೇ ಇಡ್ದಿದ್ದೆ."

"ಬಿಟ್ಟೆಯಾ?"

"ಇಲ್ಲ!" ತಲೆ ಎತ್ತಿದ. "ಭಾವ ಚಾಚು ಮುಟ್ಟಿ ಎರಡ್ಸಲ ಜಗ್ಗುದ್ರು. ನಿಲ್ಸ್ದೆ. ಅಲ್ಲಿ ಅಗಲ ಜಾಗ, ಬಿಚ್ಚಿಟ್ಟು ಕೂತು ಟೀ ಕುಡೀತಾರೆ, ಯಾವಾಗ್ಲೂ ಅಂಗೆ. ನಾನೂ ಬೀಡಿ ಅಚ್ಚಿದೆ. ಅರ್ಧ ಗಂಟೆ ಆಯ್ತು. ಮಧ್ಯದಲ್ಲಿ ಒಂದೆರಡು ಪ್ಲೇನು ಓದ್ವು. ಏನೂ ಕೇಳ್ಲಿಲ್ಲ ಸಾರ್. ದೇವ್ರಾಣೆ, ಕೂಗೂ ಕೇಳ್ಲಿಲ್ಲ."

"ಆಮೇಲೆ?"

"ಮೂರ್ಸಲ ಜಗ್ತು."

ಭೀಮರಾಜ್ ಮುಂದಕ್ಕೆ ಬಾಗಿದ. "ಎಳೆದೆಯಾ?"

"ಎಳ್ದೆ."

"ಭಾವನ್ನಾ?"

ಸೊಣ್ಣಪ್ಪ ತನ್ನ ಅಂಗೈಗಳನ್ನು ನೋಡಿಕೊಂಡ. "ಇಪ್ಪತ್ತು ವರ್ಷ ಅವ್ರ ತೂಕ ಈ ಕೈಲಿ ಅದೆ. ಮೊದಲ್ನೆ ಎಳೆತಕ್ಕೇ ಗೊತ್ತಾಯ್ತು. ಅಗುರ. ಬಂಡೆಗೆ ಕಾಲು ಕೊಡೋ ರೀತೀನೂ ಬ್ಯಾರೆ."

"ಗೊತ್ತಾಗಿಯೂ ಎಳೀತಾನೇ ಇದ್ದೆ?"

"ಅಗ್ಗದಲ್ಲಿ ಆಳಿದ್ರೆ ಬಿಡಂಗಿಲ್ಲ ಸಾರ್. ಯಾರಾದ್ರೂ ಸರಿ."

ಮೋನಿಷಾ ತನ್ನ ಕೈಯಲ್ಲಿದ್ದ ಹಗ್ಗದ ತುದಿಯನ್ನು ನೋಡಿದಳು. ಎಂಟರ ಗಂಟು ಇನ್ನೂ ಬಿಚ್ಚಿರಲಿಲ್ಲ.

"ಈ ಗಂಟಾ ಅಣ್ಣಾ?" ಮೆಲ್ಲಗೆ ಕೇಳಿದಳು. "ಮೇಲೆ ಬಂದಾಗ ಈ ಗಂಟಿತ್ತಾ?"

ಅವನು ತಲೆಯಾಡಿಸಿದ.

"ಬಂದೋರು ಏನಂದ್ರು?" ಭೀಮರಾಜ್ ಕೇಳಿದ.

"ಏನೂ ಇಲ್ಲ. ಇಲ್ಲೇ ಕೂತ್ರು. ಮೈಯೆಲ್ಲ ನಡುಗ್ತಿತ್ತು. ಭಾವ ಎಲ್ಲಿ ಅಂದೆ. ಕೆಳಗೆ ಕೈ ತೋರ್ಸಿದ್ರು. ನಾನು ಬಗ್ಗಿ ನೋಡ್ದೆ."

"ತಳ್ಳಿದರಾ? ಜಾರಿದನಾ?"

"ಕೇಳ್ಲಿಲ್ಲ ಸಾರ್. ಕೇಳಕ್ಕೆ ಬಾಯಿ ಬರ್ಲಿಲ್ಲ."

"ಗಂಡೋ, ಹೆಣ್ಣೋ?"

ಸೊಣ್ಣಪ್ಪ ಸುತ್ತಿದ ಹಗ್ಗವನ್ನು ಹೆಗಲಿಗೇರಿಸಿ ಎದ್ದು ನಿಂತ.

"ಅಕ್ಕನ ತಾವ ಕರ್ಕೊಂಡ್ ಓಗಿ. ಅಗ್ಗ ನನ್ ಕೈಲಿತ್ತು ಅಂತ ನಾನೇ ಏಳ್ತೀನಿ. ಆಮೇಲೆ ಜೈಲಿಗಾಕಿ, ಏನಾದ್ರೂ ಮಾಡಿ."

"ಹೆಸರು ಹೇಳ್ದೆ ನಿನ್ನ ಬಿಡಕ್ಕಾಗಲ್ಲ ಸೊಣ್ಣಪ್ಪ. ನಿನ್ನ ಮೇಲೇ ಬರುತ್ತೆ."

"ಬರ್ಲಿ."

ಇಳಿಯುವ ದಾರಿಯಲ್ಲಿ ಭೀಮರಾಜ್ ಇನ್‌ಸ್ಪೆಕ್ಟರಿಗೆ ಫೋನ್ ಮಾಡಿದ. ಕಡತ ಇವತ್ತು ಮುಚ್ಚುವುದಿಲ್ಲ ಸರ್ ಎಂದ. ಆ ಕಡೆಯಿಂದ ಬೈಗುಳ ಶುರುವಾಯಿತು. ಅದು ಮುಗಿಯುವವರೆಗೆ ಕೇಳಿಸಿಕೊಂಡು, ಅದೇ ವಾಕ್ಯವನ್ನು ಇನ್ನೊಮ್ಮೆ ಹೇಳಿ ಇಟ್ಟ. ಮೋನಿಷಾಗೆ, ಆಕರ್ಷ್‌ನನ್ನು ಜಿಮ್‌ನಿಂದ ಎಲ್ಲಿಗೂ ಬಿಡಬೇಡಿ ಎಂದು ಠಾಣೆಗೆ ತಿಳಿಸಲು ಹೇಳಿದ. ಆದರೆ ಅವನ ತಲೆಯಲ್ಲಿ ಕುಳಿತದ್ದು ಆಕರ್ಷ್ ಅಲ್ಲ. ಎಂಟರ ಗಂಟು ಆಕರ್ಷ್‌ಗೆ ಗೊತ್ತು. ಮೂರು ಸಲ ಜಗ್ಗುವುದು ಅವನಿಗೆ ಯಾರು ಕಲಿಸಿದರು?

ಎರಡೂ ಗೊತ್ತಿರುವವರು ಯಾರು?

ಜೀಪು ಕೋಗಿಲಿನ ಸಂದಿಗೆ ತಿರುಗಿದಾಗ ಮೂರೂವರೆ. ಮಾರಮ್ಮ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ತಮ್ಮನನ್ನು ಕಂಡು ಮೊರವನ್ನು ಪಕ್ಕಕ್ಕಿಟ್ಟಳು. ಸೊಣ್ಣಪ್ಪ ಹೊಸ್ತಿಲವರೆಗೂ ಹೋಗದೆ ಮೆಟ್ಟಿಲ ಕೆಳಗೆ ನಿಂತ.

"ಇಡ್ದಿದ್ದೆ ಅಕ್ಕ. ಸುಳ್ ಏಳಿದ್ದೆ."

ಮಾರಮ್ಮನ ಮುಖ ಕಲ್ಲಾಯಿತು.

"ಅವನು ಬಿಡಲಿಲ್ಲಮ್ಮ," ಭೀಮರಾಜ್ ನಡುವೆ ಬಂದ. "ನಿಮ್ಮ ಯಜಮಾನರು ಚಾಚಿನ ಮೇಲೆ ಹಗ್ಗ ಬಿಚ್ಚಿ ಕೂತಿದ್ದರು. ಅವರು ಬಿದ್ದ ಮೇಲೆ ಅದೇ ಹಗ್ಗ ಕಟ್ಟಿಕೊಂಡು ಬೇರೊಬ್ಬರು ಮೇಲೆ ಬಂದಿದ್ದಾರೆ. ಇವನೇ ಎಳೆದಿದ್ದಾನೆ."

ಮಾರಮ್ಮ ಎದ್ದಳು. ಮೆಟ್ಟಿಲಿಳಿದು ತಮ್ಮನ ಎರಡೂ ಕೈಗಳನ್ನು ಹಿಡಿದು, ಅಂಗೈ ಮಗುಚಿ ನೋಡಿದಳು. ಹಗ್ಗದ ಹೊಸ ಕೆಂಪು ಗೀರುಗಳಿದ್ದವು. ಆರು ದಿನಗಳಲ್ಲಿ ಮೊದಲ ಬಾರಿಗೆ ಅವಳ ಗಂಟಲಿನಿಂದ ಅಳು ಹೊರಟಿತು.

"ಯಾರ್ನ ಎಳ್ದ್ಯೋ? ನನ್ ಗಂಡನ್ನ ಅಲ್ಲೇ ಬಿಟ್ಟು ಯಾರೋ ಬಂದದ್ದು?"

ಒಳಗೆ ಪಾತ್ರೆಯ ಸದ್ದು ನಿಂತಿತು. ಮಗಳು ಚಿತ್ರಾ, ಜಿಮ್‌ನ ಟೀ ಶರ್ಟಿನಲ್ಲೇ, ಚೊಂಬು ಹಿಡಿದು ಬಾಗಿಲಿಗೆ ಬಂದಳು. ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದು ಬಂದು ಚೊಂಬನ್ನು ಮುಂದೆ ಚಾಚಿದಳು.

"ಮಾವ, ನೀರು."

ಸೊಣ್ಣಪ್ಪ ಅಕ್ಕನ ಕೈಯಿಂದ ತನ್ನ ಕೈ ಬಿಡಿಸಿಕೊಂಡ. ಚೊಂಬು ತೆಗೆದುಕೊಂಡು, ತಲೆಯೆತ್ತದೆ, ಕೊನೆಯ ಹನಿಯವರೆಗೂ ಕುಡಿದ.

ಮಾರಮ್ಮ ಮತ್ತೊಮ್ಮೆ ಕೇಳಿದಳು. ಆಮೇಲೆ ಠಾಣೆಯಲ್ಲಿ ಭೀಮರಾಜ್ ಕೇಳಿದ, ಇನ್‌ಸ್ಪೆಕ್ಟರ್ ಕೇಳಿದರು, ಮರುದಿನ ನ್ಯಾಯಾಧೀಶರೂ ಕೇಳಿದರು. ಹಗ್ಗದ ಉದ್ದ, ಹೊತ್ತು, ತೂಕ, ಗಂಟು ಎಲ್ಲವನ್ನೂ ಸೊಣ್ಣಪ್ಪ ಹೇಳಿದ. ತಾನು ಮೇಲಕ್ಕೆಳೆದದ್ದು ಯಾರನ್ನು ಎಂದು ಮಾತ್ರ ಅವನು ಹೇಳಲಿಲ್ಲ.